ಇಬ್ರಾಹಿಂಪುರದ ಹಾಲು

ನಿಮ್ಮ ಅಮ್ಮ ಕಳಿಸುತ್ತಿದ್ದ ಹಾಲನ್ನು ನಾನು ಒಂದು ದಿನವೂ ಕುಡಿಯಲಿಲ್ಲ, ಜೈತುನ್. ಒಂದು ಗುಟುಕೂ ಇಲ್ಲ. ಧಾರವಾಡದಿಂದ ಬಂದ ಪ್ರೊಫೆಸರರ ಮುಂದೆ ನೀನು ಮೋಸ ಮಾಡಿದವಳ ಹಾಗೆ ನಿಲ್ಲಬೇಕಾಗಿ ಬಂದದ್ದು ಆ ಹಾಲಿನಿಂದ — ಅಲ್ಲ, ಪಾಪ, ಹಾಲಿನ ಮೇಲೇಕೆ ಹಾಕಲಿ — ನನ್ನಿಂದ. ಏನು ನಡೆದಿದೆ ಎಂಬುದು ಆ ಹೊತ್ತಿಗಾಗಲೇ ನನಗೆ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ.

ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಹಿಂದೆಯೂ ಬರೆಯಲು ಕೂತಿದ್ದೇನೆ. ಬಿಸಿಲು, ಕಾಲೇಜಿನ ಬೇವಿನ ಮರ, ನಮ್ಮ ಸ್ನೇಹ ಎಂದು ಏನೇನೋ ಸುತ್ತಿ ಬಳಸಿ, ಹಾಲಿನ ಹತ್ತಿರ ಬರುವಷ್ಟರಲ್ಲಿ ಎದ್ದುಬಿಟ್ಟಿದ್ದೇನೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ — ಕ್ಲಾಸಿನಲ್ಲಿ ಹುಲಿ, ನಿಜ ಹೇಳುವಾಗ ಒಲೆ ಮುಂದಿನ ಬೆಕ್ಕು. ಈ ಸಲ ಅದಕ್ಕೇ ಹಾಲಿನಿಂದಲೇ ಶುರು ಮಾಡಿದ್ದೇನೆ. ಇದನ್ನು ಬೇರೆಯವರೂ ಓದಬಹುದು, ಓದಬೇಕು ಕೂಡ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರಪಡಬೇಡ.

ನಾವಿಬ್ಬರೂ ಒಂದೇ ವರ್ಷ ಆ ಕಾಲೇಜಿಗೆ ಸೇರಿದೆವು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ವಿಜಯಪುರವನ್ನು ಆಗ ನಾವೆಲ್ಲ ಬಿಜಾಪುರ ಎಂದೇ ಕರೆಯುತ್ತಿದ್ದೆವು. ನೀನು ಫಿಸಿಕ್ಸ್ ಕಲಿಸುವವಳು, ನಾನು ಸಸ್ಯಶಾಸ್ತ್ರ ವಿಭಾಗದಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವವಳು. ಗಂಡಸರೇ ತುಂಬಿದ್ದ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರಿಗೆ ಒಂದೇ ಬೆಂಚು. ನೀನು ಇಬ್ರಾಹಿಂಪುರದಿಂದ ರೈಲು ಹಳಿ ದಾಟಿ ನಡೆದು ಬರುತ್ತಿದ್ದೆ. ನಾನು ಬಬಲೇಶ್ವರದವಳು, ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮೊದಲ ದಿನವೇ ನೀನು ನನ್ನ ಹೆಸರು ಕೇಳಿ, "ಸಂಗಮ್ಮಾ ಅಂತ ಕರಿಯೂದು ಮುದುಕಿ ಕರದಂಗ ಆಗತೈತಿ, ಸಂಗೂ ಅಂತೀನಿ ನಡಿ ಬೇ" ಅಂದೆ. ಹಾಗೆ ಕರೆದವಳು ಇಡೀ ಊರಲ್ಲಿ ನೀನೊಬ್ಬಳೇ.

ನಿನ್ನ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತ್ತು. ನಿನ್ನ ಅಣ್ಣ ಸೈನ್ಯದಲ್ಲಿ ರೇಡಾರಿನ ಹತ್ತಿರ ಕೆಲಸಕ್ಕಿದ್ದ. ರೇಡಾರಿನಿಂದ ಹೊರಡುವ ಮೈಕ್ರೊವೇವ್ ಅಲೆಗಳು ಮೈಯನ್ನು ಬಿಸಿ ಮಾಡುತ್ತವೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಬಿಸಿಯೇ ಆಗದಷ್ಟು ಕ್ಷೀಣವಾದ ಅಲೆಗಳು ಜೀವಕೋಶದ ಒಳಗೆ, ಜೀನುಗಳ ಕೆಲಸದಲ್ಲಿ, ಏನಾದರೂ ಕೈಯಾಡಿಸುತ್ತವೆಯೇ? "ಅಣ್ಣಗ ಕೇಳಿದ್ರ ನಗತಾನ. ನಗೂ ಮಾತಲ್ಲ ಸಂಗೂ ಇದು," ಅನ್ನುತ್ತಿದ್ದೆ. ಫಿಸಿಕ್ಸ್ ವಿಭಾಗದಲ್ಲಿ ಸರ್ಕಾರಿ ಅನುದಾನದಿಂದ ಬಂದ ಒಂದು ಮೈಕ್ರೊವೇವ್ ಬೆಂಚ್ ಇತ್ತು — ಮೇಜಿನುದ್ದಕ್ಕೂ ಚೌಕಾಕಾರದ ಲೋಹದ ಕೊಳವೆ, ಒಂದು ತುದಿಗೆ ಅಲೆ ಹುಟ್ಟಿಸುವ ಯಂತ್ರ, ಇನ್ನೊಂದು ತುದಿಗೆ ಅಲೆ ಹೊರಬರುವ ಅಗಲ ಬಾಯಿಯ ಕೊಂಬು. ಬಿ.ಎಸ್ಸಿ. ಹುಡುಗರಿಗೆ ತೋರಿಸಲು ತಂದದ್ದನ್ನು ನೀನು ಸಂಶೋಧನೆಗೆ ಹಚ್ಚಿದೆ. ಬ್ಯಾಕ್ಟೀರಿಯಾ ಬೆಳೆಸಿಕೊಡುವವಳು ನಾನಾದೆ.

ನಾವು ಆರಿಸಿಕೊಂಡ ಬ್ಯಾಕ್ಟೀರಿಯಾ ಮನುಷ್ಯರ ಕರುಳಿನಲ್ಲಿ ಇರುವಂಥದು. ಅದರಲ್ಲಿ ಒಂದು ಜೀನ್ ಇದೆ, ಹಾಲಿನಲ್ಲಿರುವ ಸಕ್ಕರೆಯನ್ನು ಒಡೆಯುವ ಕಿಣ್ವವನ್ನು ತಯಾರಿಸುವುದು ಅದರ ಕೆಲಸ. ಹಾಲಿನ ಸಕ್ಕರೆ ಸಿಗುವವರೆಗೂ ಅದು ಮಲಗಿರುತ್ತದೆ. ಸಿಕ್ಕ ಕೂಡಲೆ ಎದ್ದು ಕೆಲಸಕ್ಕೆ ತೊಡಗುತ್ತದೆ. ಎದ್ದಿದೆಯೋ ಇಲ್ಲವೋ ತಿಳಿಯಲು ಒಂದು ರಾಸಾಯನಿಕ ಹಾಕುತ್ತಿದ್ದೆವು. ಮಲಗಿದ್ದರೆ ಬಣ್ಣ ಬರುವುದಿಲ್ಲ, ಎದ್ದಿದ್ದರೆ ಕೊಳವೆ ಹಳದಿಯಾಗುತ್ತದೆ. ಹಾಲಿನ ಸಕ್ಕರೆಯ ಸುಳಿವೂ ಇಲ್ಲದಂತೆ ಬೆಳೆಸಿ, ಅಲೆಯ ಮುಂದಿಟ್ಟರೆ ಜೀನ್ ಏಳುತ್ತದೆಯೇ? ಇದು ನಿನ್ನ ಪ್ರಶ್ನೆ. ಹಾಲಿನ ಸಕ್ಕರೆಯ ಈ ಪಾಠವನ್ನು ನಿನಗೆ ಬೋರ್ಡಿನ ಮೇಲೆ ಬರೆದು ಕಲಿಸಿದವಳು ನಾನು — ಅದನ್ನು ನೆನೆದರೆ ಇವತ್ತಿಗೂ ಮುಖ ಎತ್ತಲಾರೆ.

ಇನ್ನು ಹಾಲು.

ನಿಮ್ಮ ಮನೆಯಲ್ಲಿ ಎಮ್ಮೆ ಇತ್ತು. "ಓದಿ ಓದಿ ಎರಡೂ ಹುಡುಗ್ಯಾರು ಒಣಗಿ ಕಟಗಿ ಆಗ್ಯಾರ" ಎಂದು ನಿಮ್ಮ ಅಮ್ಮ ಏಲಕ್ಕಿ ಹಾಕಿ ಕಾಸಿದ ಗಟ್ಟಿ ಹಾಲನ್ನು ಅಲ್ಯುಮಿನಿಯಂ ಕ್ಯಾನಿನಲ್ಲಿ ನಿನ್ನ ಕೈಯಲ್ಲಿ ಕಳಿಸುತ್ತಿದ್ದರು. ಫಿಸಿಕ್ಸ್ ವಿಭಾಗದ ನಿನ್ನ ಕೋಣೆಯಲ್ಲಿ ಎರಡು ಗ್ಲಾಸಿಗೆ ಹಾಕಿ ಒಂದನ್ನು ನನ್ನ ಕೈಗೆ ಕೊಡುತ್ತಿದ್ದೆ. ನಾನು ನೌಕರಿಗೆ ಹೊರಟ ದಿನ ನಮ್ಮ ಅವ್ವ ಕೊರಳಿನ ಲಿಂಗ ಮುಟ್ಟಿಸಿ, "ಎಲ್ಲಾರ ಜೋಡಿ ಚಂದಾಗಿ ಇರು, ಖರೆ ಅವರ ಮನಿ ಅನ್ನ ನೀರ ಮುಟ್ಟಬ್ಯಾಡ" ಎಂದು ಆಣೆ ಮಾಡಿಸಿದ್ದಳು. 'ಅವರ' ಎಂದರೆ ಯಾರೆಂದು ಅವ್ವ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಿನಗೆ 'ಬೇಡ' ಎನ್ನುವ ಧೈರ್ಯ ನನಗಿರಲಿಲ್ಲ, ಕುಡಿಯುವ ಧೈರ್ಯವೂ ಇರಲಿಲ್ಲ.

ನೀನು ನಿನ್ನ ಗ್ಲಾಸನ್ನು ಗಟಗಟ ಕುಡಿದು ಪಕ್ಕದ ಕೋಣೆಗೆ ವೋಲ್ಟೇಜ್ ಸರಿಮಾಡಲು ಹೋಗುತ್ತಿದ್ದೆ. ಆ ಹೊತ್ತಿನಲ್ಲಿ ನಾನು ಹಾಲನ್ನು ಚೆಲ್ಲಬೇಕು. ನಿನ್ನ ಕೋಣೆಯಲ್ಲಿ ನಲ್ಲಿ ಇಲ್ಲ, ಕಿಟಕಿಯಾಚೆ ಪಡಸಾಲೆಯಲ್ಲಿ ಹುಡುಗರು ಕೂತಿರುತ್ತಿದ್ದರು. ಕೈಗೆ ಸಿಕ್ಕದ್ದು ಆ ದಪ್ಪ ಗಾಜಿನ ಕೊಳವೆಗಳು — ಕೊಂಬಿನ ಮುಂದೆ ಇಡಲೆಂದು ನೀನು ಬಡಿಗೇರನಿಂದ ಮಾಡಿಸಿದ್ದ ಮರದ ಸ್ಟ್ಯಾಂಡಿಗೆ ಸರಿಹೊಂದುವ, ಅಗಲ ಬಾಯಿಯ ಕೊಳವೆಗಳು. ಅವುಗಳಲ್ಲಿ ಹಾಲು ಸುರಿದು, ರಬ್ಬರ್ ಬೂಚು ಹಾಕಿ, ತೊಳೆಯಲು ಒಯ್ಯುವ ಉಳಿದ ಸಾಮಾನಿನ ಜೊತೆ ನನ್ನ ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ನನ್ನ ಲ್ಯಾಬಿಗೆ ಒಯ್ಯುತ್ತಿದ್ದೆ. ಅಲ್ಲಿ ಸಿಂಕಿಗೆ ಚೆಲ್ಲಿ, ಯಾರಾದರೂ ನೋಡಿಯಾರೆಂದು ಅವಸರದಲ್ಲಿ ನೀರು ಹಾಕಿ ಗಲಬರಿಸಿ, ಕುಕ್ಕರಿನಲ್ಲಿ ಕುದಿಸಿ ವಾಪಸು ತಂದಿಡುತ್ತಿದ್ದೆ. ನೀನು ಬಂದು ಖಾಲಿ ಗ್ಲಾಸು ನೋಡಿ, "ಕುಡದೇನ? ಶಾಣ್ಯಾಕಿ!" ಅನ್ನುತ್ತಿದ್ದೆ. ನಾನು ತುಟಿ ಒರೆಸಿಕೊಳ್ಳುತ್ತಿದ್ದೆ. ಒರೆಸಿಕೊಳ್ಳಲು ಏನೂ ಇರಲಿಲ್ಲ, ಜೈತುನ್, ಆದರೂ ಒರೆಸಿಕೊಳ್ಳುತ್ತಿದ್ದೆ.

ನಗು ಬರುವ ಮಾತೊಂದಿದೆ, ಅಳುವೂ ಬರುತ್ತದೆ. ಆ ಕಾಲದಲ್ಲಿ ದ್ರವಗಳನ್ನು ಅಳೆಯಲು ಗಾಜಿನ ಪಿಪೆಟ್ಟಿನ ತುದಿಗೆ ಬಾಯಿ ಹಚ್ಚಿ ಎಳೆಯುತ್ತಿದ್ದೆವು. ಕರುಳಿನ ಬ್ಯಾಕ್ಟೀರಿಯಾ ತುಂಬಿದ ನೀರನ್ನು ದಿನಾ ಬಾಯಿಂದ ಎಳೆದಿದ್ದೇನೆ. ಎಷ್ಟೋ ಸಲ ನಾಲಿಗೆಗೂ ತಾಗಿದೆ. ಥೂ ಎಂದು ಉಗುಳಿ ಮತ್ತೆ ಎಳೆದಿದ್ದೇನೆ. ಅದಕ್ಕೆ ನನ್ನ ಜಾತಿ ಕೆಡಲಿಲ್ಲ. ನಿಮ್ಮ ಅಮ್ಮನ ಹಾಲಿಗೆ ಕೆಡುತ್ತಿತ್ತು.

ಅಲೆಯ ಮುಂದಿಟ್ಟ ಕೊಳವೆಗಳು ಹಳದಿಯಾದವು. ನನ್ನ ಲ್ಯಾಬಿನಲ್ಲಿ ಸಾಧಾರಣ ಕೊಳವೆಗಳಲ್ಲಿ, ಅಲೆಯಿಲ್ಲದೆ ಇಟ್ಟವು ನೀರಿನಂತೆಯೇ ಉಳಿದವು. ಎರಡೂ ಗುಂಪಿಗೆ ಒಂದೇ ಬಗೆಯ ಕೊಳವೆ ಇರಬೇಕು ಎನ್ನುವುದು ಮೊದಲ ಪಾಠ. ದಪ್ಪ ಕೊಳವೆ ಸಾಲುವುದಿಲ್ಲ ಎಂದು ಅದನ್ನು ಬಿಟ್ಟೆವು. ನೀನು ಕಿಟಕಿಯ ಬೆಳಕಿಗೆ ಕೊಳವೆ ಹಿಡಿದು ನೋಡುತ್ತಾ ನಿಂತಿದ್ದೆ. ಹಳದಿ ಅಷ್ಟೇನೂ ಗಾಢವಿರಲಿಲ್ಲ, ಹೆಸರು ಬೇಳೆ ತೊಳೆದ ನೀರಿನಷ್ಟು. "ಎದ್ದಾವ ಸಂಗೂ... ಮಲಗಿದ್ದವು ಎದ್ದಾವ!" ಎಂದು ನನ್ನ ಹೆಗಲು ಹಿಡಿದು ಅಲುಗಿಸಿದೆ. ನಾನೂ ಕುಣಿದೆ. ಆಗ ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಇದೊಂದನ್ನು ನಂಬು.

ನೀನು ಧಾರವಾಡದಲ್ಲಿ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡಿಸುತ್ತಿದ್ದ ಪ್ರೊಫೆಸರರಿಗೆ ಬರೆದೆ. ಅವರ ಕೈಕೆಳಗೆ ಪಿಎಚ್.ಡಿ.ಗೆ ಒಂದೇ ಜಾಗ ಖಾಲಿ ಇತ್ತು. ತಾವೇ ಬಂದು ಕಣ್ಣಾರೆ ನೋಡಿ ನಿರ್ಧರಿಸುತ್ತೇನೆ ಎಂದು ಅವರು ಉತ್ತರಿಸಿದರು. ನಿಮ್ಮ ಅಪ್ಪ ಆಗಲೇ ಟಿಕೋಟಾದ ಸಂಬಂಧದ ಮಾತಾಡುತ್ತಿದ್ದರು. ಜಾಗ ಸಿಕ್ಕರೆ ಧಾರವಾಡಕ್ಕೆ ಕಳಿಸುತ್ತೇನೆ, ಇಲ್ಲದಿದ್ದರೆ ಮದುವೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ನಿನ್ನ ಮುಂದಿನ ಬದುಕು ಆ ತಿಳಿ ಹಳದಿಯ ಮೇಲೆ ನಿಂತಿತ್ತು.

ಅಷ್ಟರಲ್ಲಿ ರಂಜಾನ್ ಬಂತು. ನೀನು ರೋಜಾ ಹಿಡಿದಿದ್ದೆ. ನನಗೊಬ್ಬಳಿಗೇ ಹಾಲು ಕಳಿಸಲು ನಿಮ್ಮ ಅಮ್ಮ ತಯಾರಿದ್ದರು. ನಾನು ಮನೆಗೇ ಬಂದು, "ಜೈತುನ್ ಉಪಾಸ ಇದ್ದಾಗ ನಾ ಒಬ್ಬಾಕಿ ಹೆಂಗ ಕುಡೀಲ್ರಿ ಅಮ್ಮಾ? ಈ ತಿಂಗಳು ಬ್ಯಾಡ್ರಿ" ಅಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಲೆ ಸವರಿ, "ಹೆತ್ತಾಕಿ ಪುಣ್ಯಾ ಮಾಡ್ಯಾಳ" ಅಂದರು. ತಿಂಗಳ ಮಟ್ಟಿಗೆ ಚೆಲ್ಲುವ ಕೆಲಸ ತಪ್ಪಿತೆಂದು ನಾನು ಹಗುರಾಗಿ ಮನೆಗೆ ಹೋದೆ.

ಹಾಲು ನಿಂತಿತು. ಕೆಲವು ದಿನಗಳಲ್ಲಿ ಹಳದಿಯೂ ನಿಂತಿತು.

ನೀನು ಯಂತ್ರ ಬಿಚ್ಚಿ ಕಟ್ಟಿದೆ, ವೋಲ್ಟೇಜ್ ನೋಡಿದೆ, ಕೊಳವೆಯ ನೀರಿನ ಉಷ್ಣತೆ ನೋಡಿದೆ. ಏನೂ ತಪ್ಪಿರಲಿಲ್ಲ. ಕಡೆಗೆ ಒಣಗಿದ ತುಟಿಯಲ್ಲೇ ನಕ್ಕು, "ಇವೂ ರೋಜಾ ಹಿಡದಾವ ಏನ ಬೇ?" ಅಂದೆ.

ನೀನು ಸುಮ್ಮನೆ ಚೇಷ್ಟೆಗೆ ಅಂದ ಮಾತು. ನಾನು ಕೈಯಲ್ಲಿದ್ದ ಕೊಳವೆಯನ್ನು ಸ್ಟ್ಯಾಂಡಿಗಿಟ್ಟೆ. ರೋಜಾ — ಉಪವಾಸ — ಹಾಲು... ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಸಕ್ಕರೆ ಸಾಯುವುದಿಲ್ಲ. ಎಮ್ಮೆ ಹಾಲಿನ ಜಿಡ್ಡು ಅವಸರದ ಒಂದು ಗಲಬರಿಕೆಗೆ ಹೋಗುವುದೂ ಇಲ್ಲ. ಆ ದಿನ ನಾನು ಏನೋ ನೆಪ ಹೇಳಿ ಬೇಗ ಹೊರಟುಹೋದೆ.

ಹಬ್ಬ ಮುಗಿದ ಮೇಲೆ ನೀನು ಶಾವಿಗೆಯ ಶೀರ್‌ಕುರ್ಮಾ ತಂದೆ, ಮರುದಿನದಿಂದ ಹಾಲೂ ಬಂತು. ನಾನು ಎಂದಿನಂತೆ ಕೊಳವೆಗೆ ಸುರಿದೆ. ಅನುಮಾನ ಬಂದ ಮೇಲೂ ಸುರಿದೆ — ಪರೀಕ್ಷೆಗೋ, ಅಭ್ಯಾಸಕ್ಕೋ, ಈಗಲೂ ಹೇಳಲಾರೆ. ಹಳದಿ ವಾಪಸು ಬಂತು. ನೀನು ಇಬ್ರಾಹಿಂಪುರದವರೆಗೂ ಕುಣಿಯುತ್ತ ಹೋದೆ. ನಾನು ನನ್ನ ಲ್ಯಾಬಿನ ಬಾಗಿಲು ಹಾಕಿಕೊಂಡು, ಅಲೆಯಿಲ್ಲ ಯಂತ್ರವಿಲ್ಲ, ಆ ಹಾಲು ಕುಡಿದ ಕೊಳವೆಯೊಂದರಲ್ಲೇ ಬ್ಯಾಕ್ಟೀರಿಯಾ ಇಟ್ಟು ನೋಡಿದೆ. ಅದೂ ಹಳದಿಯಾಯಿತು. ಜೀನನ್ನು ಎಬ್ಬಿಸುತ್ತಿದ್ದದ್ದು ನಿನ್ನ ಅಲೆಗಳಲ್ಲ, ನಿಮ್ಮ ಅಮ್ಮನ ಹಾಲು.

ಆಗಲೇ ನಿನ್ನ ಹತ್ತಿರ ಬಂದು ಹೇಳಬೇಕಿತ್ತು. ನೀನು ಬೈಯುತ್ತಿದ್ದೆ, ಅಳುತ್ತಿದ್ದೆ, ನನ್ನ ಮುಖ ನೋಡುವುದನ್ನು ಬಿಡುತ್ತಿದ್ದೆಯೇನೋ. ಆದರೆ ಪ್ರೊಫೆಸರರಿಗೆ ನೀನೇ ಬರೆಯಬಹುದಿತ್ತು — ತಪ್ಪು ಸಿಕ್ಕಿದೆ, ಶುದ್ಧ ಕೊಳವೆಗಳಲ್ಲಿ ಮೊದಲಿನಿಂದ ಮಾಡುತ್ತೇನೆ ಎಂದು. ತನ್ನ ತಪ್ಪನ್ನು ತಾನೇ ಹಿಡಿಯುವ ವಿದ್ಯಾರ್ಥಿನಿಯನ್ನು ಯಾವ ಗುರು ಬಿಟ್ಟಾನು? ನಿನ್ನ ಪ್ರಶ್ನೆ ಸುಳ್ಳಾಗಿರಲಿಲ್ಲ, ಉತ್ತರ ಮಾತ್ರ ಕೆಟ್ಟಿತ್ತು. ಆದರೆ ಹಾಲು ಕೊಳವೆಗೆ ಹೇಗೆ ಬಂತು ಎಂದು ನೀನು ಕೇಳುತ್ತಿದ್ದೆಯಲ್ಲ... ಆ ಒಂದು ಪ್ರಶ್ನೆಗೆ ಹೆದರಿದೆ.

ಹೆದರಿದವಳು ಏನು ಮಾಡಿದೆ? ಪ್ರೊಫೆಸರ್ ಬರುವ ಹಿಂದಿನ ದಿನ ಆ ಕೊಳವೆಗಳನ್ನೆಲ್ಲ ಆಮ್ಲದಲ್ಲಿ ನೆನೆಹಾಕಿ, ತಿಕ್ಕಿ, ಲಕಲಕ ಹೊಳೆಯುವಂತೆ ತೊಳೆದಿಟ್ಟೆ. ಸುಳ್ಳು ಫಲಿತಾಂಶ ಲೋಕಕ್ಕೆ ಹೋಗಬಾರದು ಎಂದು ನನಗೆ ನಾನೇ ದೊಡ್ಡ ಮಾತು ಹೇಳಿಕೊಂಡೆ. ನಿನಗೆ ಮಾತ್ರ ಒಂದು ಮಾತೂ ಹೇಳಲಿಲ್ಲ.

ಅವರು ಬಂದರು. ನೀನು ಹಸಿರಂಚಿನ ಸೀರೆ ಉಟ್ಟಿದ್ದೆ. ಅವರಿಗೂ ಸೇರಿಸಿ ನಿಮ್ಮ ಅಮ್ಮ ಹಾಲು ಕಳಿಸಿದ್ದರು. ಹಣೆಗೆ ಗಂಧ ಇಟ್ಟುಕೊಂಡ ಆ ಹಿರಿಯರು ಒಂದೇ ಗುಟುಕಿಗೆ ಕಣ್ಣರಳಿಸಿ, "ಆಹಾ, ಏನ ಹಾಲ್ರೀ ಇದು! ಧಾರವಾಡದಾಗ ಇಂಥಾದ್ದು ಎಲ್ಲಿ ಸಿಗಬೇಕು?" ಎಂದು ಗ್ಲಾಸು ಖಾಲಿ ಮಾಡಿದರು. ನಾನು ಹೊಟ್ಟೆ ಸರಿಯಿಲ್ಲ ಎಂದು ನನ್ನ ಗ್ಲಾಸನ್ನು ಮುಟ್ಟಲೇ ಇಲ್ಲ.

ನೀನು ಅಲೆ ಹಾಯಿಸಿದೆ, ರಾಸಾಯನಿಕ ಹಾಕಿದೆ. ನಾವು ಮೂವರೂ ಕಾದೆವು. ಕೊಳವೆಗಳು ನೀರಿನಂತೆಯೇ ಇದ್ದವು. ನೀನು ಮತ್ತೊಮ್ಮೆ ಮಾಡಿದೆ. ಮತ್ತೆಯೂ ನೀರು. ಅವರು ಕನ್ನಡಕ ತೆಗೆದು ಒರೆಸುತ್ತ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದರು: "ನೋಡವಾ, ಬಣ್ಣ ತಾನ ಬರೂದಿಲ್ಲ. ಯಾರರ ತಂದಾಗನ ಬರತದ. ಹಿಂದಕ್ಕ ಏನ ಹಾಕಿದ್ದಿ?"

"ಏನೂ ಹಾಕಿಲ್ರಿ ಸರ್. ಸಂಗೂನ ಕೇಳ್ರಿ, ಆಕಿನೂ ನೋಡ್ಯಾಳ," ಅಂದೆ ನೀನು.

ಅವರು ನನ್ನ ಕಡೆ ತಿರುಗಿದರು. ನೀನೂ ತಿರುಗಿದೆ. ನಿನ್ನ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ — ನಾನಿದ್ದೇನಲ್ಲ ಎಂಬ ಭರವಸೆ.

"ನನಗ ಗೊತ್ತಿಲ್ರಿ ಸರ್," ಅಂದೆ ನಾನು. "ಕೊಳವಿ ಆಕಿ ಕ್ವಾಣ್ಯಾಗ ಇರತಿದ್ದವು."

ಎರಡನೆಯ ಮಾತು ನಿಜ. ಅದಕ್ಕೇ ಅದು ಮೊದಲನೆಯದಕ್ಕಿಂತ ಕೆಟ್ಟದ್ದು. ಯಾರೂ ಕೇಳದಿದ್ದರೂ ಅದನ್ನು ಸೇರಿಸಿದೆ, ನನ್ನ ಮೈಗೆ ಏನೂ ತಾಗದಿರಲಿ ಎಂದು. ಅವರು ನಿನ್ನನ್ನು ಮತ್ತೇನೂ ಕೇಳಲಿಲ್ಲ. ಪ್ರಿನ್ಸಿಪಾಲರ ಕೋಣೆಗೆ ಹೋಗಿ ಏನು ಹೇಳಿದರೋ, ಸಂಜೆಯೊಳಗೆ ಸ್ಟಾಫ್ ರೂಮಿನಲ್ಲಿ 'ಬಣ್ಣದ ಆಟ' ಎಂಬ ಮಾತು ಹಬ್ಬಿತ್ತು. ನಾನು ಮೂಲೆಯಲ್ಲಿ ಅಳುತ್ತ ಕೂತಿದ್ದೆ. ನೀನು ಬಂದು ನನ್ನ ಪಕ್ಕ ಕೂತು, "ನೀ ಯಾಕ ಅಳತೀ ಬೇ? ಹೋಗಿದ್ದು ನಂದು. ನೀ ಇದ್ದದ್ದು ಇದ್ದಂಗ ಹೇಳಿದಿ," ಅಂದೆ. ಆಗಲಾದರೂ ಹೇಳಬಹುದಿತ್ತು. ಪ್ರೊಫೆಸರ್ ಇನ್ನೂ ಊರಲ್ಲೇ ಇದ್ದರು.

ನೀನು ಪರೀಕ್ಷೆಗಳು ಮುಗಿಯುತ್ತಲೇ ಕಾಲೇಜು ಬಿಟ್ಟೆ. ಟಿಕೋಟಾದಲ್ಲಿ ಮದುವೆಯಾಯಿತು, ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಧಾರವಾಡದ ಆ ಒಂದು ಜಾಗ — ಇದನ್ನೂ ಬರೆಯಬೇಕು — ನನಗೆ ಸಿಕ್ಕಿತು. ನಾನು ಅರ್ಜಿ ಹಾಕಿದ್ದೆ. ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿ ಡಾಕ್ಟರ್ ಸಂಗಮ್ಮ ಆದೆ, ವಿಭಾಗದ ಮುಖ್ಯಸ್ಥೆಯಾದೆ, ಹಾರ ಹಾಕಿಸಿಕೊಂಡು ನಿವೃತ್ತಳಾದೆ. ಮೈಕ್ರೊವೇವ್ ಅಲೆಗಳ ವಿಷಯ ಎಲ್ಲಿ ಓದಿದರೂ ನಿನ್ನ ನೆನಪಾಗುತ್ತಿತ್ತು. ನಿನ್ನ ಪ್ರಶ್ನೆಯನ್ನು ಬೇರೆ ಬೇರೆ ದೇಶಗಳಲ್ಲಿ ಜನ ಇನ್ನೂ ಕೇಳುತ್ತಿದ್ದಾರೆ, ಜೈತುನ್. ಬಿಸಿಯದೆಷ್ಟು, ಅಲೆಯದೆಷ್ಟು ಎಂದು ಇನ್ನೂ ಜಗಳವಾಡುತ್ತಿದ್ದಾರೆ.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ಬಬಲೇಶ್ವರದಲ್ಲಿ ಅವ್ವನ ಕಾಲೊತ್ತುತ್ತ ಕೂತಿದ್ದಾಗ ಇದನ್ನು ಬಾಯಿಬಿಟ್ಟೆ. ಅವ್ವ ಸಮಾಧಾನ ಮಾಡುತ್ತಾಳೆ, ಆಣೆ ಉಳಿಸಿದೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಲು ಎಳೆದುಕೊಂಡು ಎದ್ದು ಕೂತಳು. "ಹಾಲ ಚೆಲ್ಲಿದಿ? ಹಾಲಿಗೆಲ್ಲಿ ಮೈಲಿಗಿ ಬೇ ಹುಚ್ಚಿ! ನೀ ಕೂಸ ಇದ್ದಾಗ ನಮ್ಮ ಮನಿಗಿ ಹಾಲ ಹಾಕಾಕಿ ಯಾರಂತ ತಿಳದಿ? ಹುಸೇನಬಿ. ಆಕಿ ಎಮ್ಮಿ ಹಾಲ ಕುಡದ ಬೆಳದೀ ನೀ."

ತಪ್ಪನ್ನು ಅವ್ವನ ತಲೆಗೆ ಕಟ್ಟಿ ನಿರುಮ್ಮಳವಾಗಿರುವ ದಾರಿಯೂ ಅಲ್ಲಿಗೆ ಮುಚ್ಚಿತು. ಆಣೆ ಅವಳದ್ದಿರಬಹುದು, ಅದನ್ನು ಹಾಲಿನವರೆಗೂ ಎಳೆದವಳು ನಾನು.

ಆಮೇಲೆ ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯಲ್ಲಿ ನೀನು ಸಿಕ್ಕೆ. ತಲೆ ನೆರೆತಿತ್ತು, ಜೊತೆಗೆ ಮಗಳಿದ್ದಳು. ನೀನೇ ಮೊದಲು ಗುರುತಿಸಿ "ಸಂಗೂ!" ಎಂದು ಕೂಗಿದೆ. ಮಗಳಿಗೆ, "ಈಕಿ ನನ್ನ ಜೋಡಿ ಕೆಲಸಾ ಮಾಡಿದಾಕಿ, ದೊಡ್ಡ ಡಾಕ್ಟರು" ಎಂದು ಹೆಮ್ಮೆಯಿಂದ ಹೇಳಿದೆ. ಆಮೇಲೆ ದನಿ ತಗ್ಗಿಸಿ, "ಅಮ್ಮಾ ಹ್ವಾದ ವರ್ಷ ಹೋದಳು ಬೇ. ಕಡೀತನಾ ನಿನ್ನ ಕೇಳತಿದ್ದಳು. ಆ ಬಬಲೇಶ್ವರದ ಹುಡುಗಿ, ನನ್ನ ಹಾಲಂದ್ರ ಜೀವಾ ಬಿಡತಿದ್ದಳಲ್ಲ, ಹೆಂಗ ಅದಾಳಂತ," ಅಂದೆ.

ನಾನು ಏನು ಹೇಳಿದೆ ನೆನಪಿದೆಯೇ? "ಅಂಥಾ ಹಾಲು ಮತ್ತ ಎಲ್ಲೂ ಸಿಗಲಿಲ್ಲ ಬಿಡು," ಅಂದೆ. ನಿನ್ನ ಕಣ್ಣು ತುಂಬಿ ಬಂತು. ಸತ್ತವರ ಹೆಸರಿನಲ್ಲೂ ಸುಳ್ಳು ಹೇಳಿದೆ.

ಆ ಪ್ರೊಫೆಸರ್ ಈಗಿಲ್ಲ, ಆ ಪ್ರಿನ್ಸಿಪಾಲರೂ ಇಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಅಂದು ನಕ್ಕವರು ಕೆಲವರು ಇದ್ದಾರೆ. ಅವರ ಮನೆಗಳಿಗೆ ಹೋಗಿ ಹೇಳುತ್ತೇನೆ: ಜೈತುನ್ ಬಣ್ಣ ಹಾಕಿರಲಿಲ್ಲ, ಹಾಕಿದವಳು ನಾನು. ಅವರಿಗಿಂತ ಮೊದಲು ನಿನಗೆ. ಇಷ್ಟು ವರ್ಷ ಟಿಕೋಟಾದ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದವಳು ನಾಳೆ ಅದನ್ನು ಹತ್ತುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ಓಡಿ ಬರುವುದಿಲ್ಲ; ನಿನ್ನ ಮುಂದೆ ಕೂತು ನಾನೇ ಓದುತ್ತೇನೆ.

ನಿಮ್ಮ ಅಮ್ಮನ ಹಾಲು ಹೇಗಿತ್ತು ಎಂದು ನನಗೆ ಗೊತ್ತಿಲ್ಲ, ಜೈತುನ್. ಆ ಪ್ರೊಫೆಸರರಿಗೆ ಗೊತ್ತಿತ್ತು, ಆ ಬ್ಯಾಕ್ಟೀರಿಯಾಗಳಿಗೂ ಗೊತ್ತಿತ್ತು. ನನಗೆ ಗೊತ್ತಿಲ್ಲ.

ನಾನು ಬಂದ ಕೂಡಲೆ ನೀನು ಒಳಗೆ ಹೋಗಿ ಒಲೆ ಹೊತ್ತಿಸುತ್ತೀ, ನನಗೆ ಗೊತ್ತು. ಬೇಡ. ನಾನು ಓದಿ ಮುಗಿಸುವವರೆಗೆ ಹಾಲು ಕಾಸಲು ಇಡಬೇಡ.